ಪರಿಮಳಕ್ಕೆ ಸಿಹಿ ಇರುವುದಿಲ್ಲ

ಪೊಟ್ಟಣ ಬಿಚ್ಚಿದೊಡನೆ ಅಡುಗೆಮನೆಯ ತುಂಬ ಕೆಂಪಗೆ ಕರಗಿದ ಸಕ್ಕರೆ, ವೆನಿಲ್ಲಾ, ಬೆಣ್ಣೆಯ ಘಮ. ಮೇಲೆ ‘ಕ್ರೆಮ್ ಬ್ರೂಲೆ ರೋಯ್‌ಬೋಸ್’ ಎಂದು ಬರೆದಿತ್ತು. ರೋಯ್‌ಬೋಸ್ ಅಂದರೆ ಚಹಾದಂತೆ ಕುದಿಸಿ ಕುಡಿಯುವ ಎಲೆ. ಕ್ರೆಮ್ ಬ್ರೂಲೆ ಅಂದರೆ ಕೆನೆ, ಮೊಟ್ಟೆಯ ಹಳದಿ ಬೇಯಿಸಿ, ಮೇಲೆ ಸಕ್ಕರೆ ಉದುರಿಸಿ ಸುಟ್ಟ ಫ್ರೆಂಚ್ ಸಿಹಿ. ಸಕ್ಕರೆ ಕಾಯಿಲೆಯಿರುವ ನನ್ನ ಅತ್ತೆ ವಾಸನೆ ಹತ್ತಿದ್ದೇ ಲೋಟ ಆಚೆ ಸರಿಸಿದರು. “ಇಷ್ಟು ಸಿಹಿ ನನಗಾಗದು.”

ಈ ಅಂಜಿಕೆ ಬಹಳ ಜನಕ್ಕಿದೆ. ಆದರೆ ಸಿಹಿಯನ್ನು ಗುರುತಿಸುವುದು ನಾಲಗೆ, ಮೂಗಲ್ಲ. ಏಲಕ್ಕಿಯನ್ನೇ ನೆನೆಯಿರಿ. ಅದನ್ನು ಜಗಿದರೆ ಖಾರ, ಒಗರು. ಅದರ ಘಮ ಬಂದರೆ ಮಾತ್ರ ಪಾಯಸ, ಹೋಳಿಗೆಗಳೇ ಕಣ್ಮುಂದೆ. ವರ್ಷಗಟ್ಟಲೆ ಸಿಹಿಯ ಜೊತೆಗೇ ಉಂಡ ಪರಿಮಳವನ್ನು ಮಿದುಳು ಸಿಹಿಯೆಂದೇ ಕಟ್ಟಿಟ್ಟುಕೊಂಡಿದೆ. ಗುಟುಕು ನುಂಗುವಾಗ ಆ ಪರಿಮಳ ಗಂಟಲ ಹಿಂದಿನಿಂದ ಮೂಗಿಗೇರುತ್ತದೆ, ನಾವು ಅದನ್ನು ‘ರುಚಿ’ ಎನ್ನುತ್ತೇವೆ. ಮೂಗು ಹಿಡಿದು ಒಂದು ಗುಟುಕು ಕುಡಿದು ನೋಡಿ: ಕ್ಯಾರಮೆಲ್ ಮಾಯವಾಗಿ ಬಿಸಿನೀರು, ತುಸು ಒಗರು ಉಳಿಯುತ್ತದೆ. ಮೂಗು ಬಿಟ್ಟೊಡನೆ ಎಲ್ಲವೂ ಮರಳುತ್ತದೆ. ಹಾಗೆಂದು ಕಣ್ಣು ಮುಚ್ಚಿ ಕೊಳ್ಳಬೇಡಿ. ಕೆಲವು ಪೊಟ್ಟಣಗಳಲ್ಲಿ ಟಾಫಿಯ ಚೂರು, ಸಕ್ಕರೆ ಹಚ್ಚಿದ ಹಣ್ಣು, ಹಾಲಿನ ಅಂಶ ಬೆರೆಸಿರುತ್ತಾರೆ. ಹೆಸರಿಗಿಂತ ಒಳಗಿರುವ ಪದಾರ್ಥಗಳ ಪಟ್ಟಿ ಓದುವುದು ಮುಖ್ಯ.

ರೋಯ್‌ಬೋಸ್ ‘ಕೆಫೀನ್ ತೆಗೆದ ಕೆಂಪು ಚಹಾ’ ಎಂಬ ಮಾತೂ ಸರಿಯಲ್ಲ. ತೆಗೆಯಲು ಅದರಲ್ಲಿ ಕೆಫೀನೇ ಇಲ್ಲ. ರೋಯ್‌ಬೋಸ್ ಚಹಾ ಗಿಡದ ಸಂಬಂಧಿಯೂ ಅಲ್ಲ. ಅದು ನಮ್ಮ ಹುರುಳಿ, ತೊಗರಿಯ ಕುಟುಂಬಕ್ಕೆ ಸೇರಿದ, ಸೂಜಿಯಂಥ ಎಲೆಗಳ ಪೊದೆ. ಆಫ್ರಿಕಾನ್ಸ್ ಭಾಷೆಯಲ್ಲಿ ಹೆಸರಿನ ಅರ್ಥವೇ ಕೆಂಪು ಪೊದೆ. ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಸಾಲು ಮತ್ತು ಅದರ ಸುತ್ತಲಿನ ಮರಳುಮಣ್ಣು ಅದರ ತವರು. ಅಲ್ಲಿನ ಮೂಲನಿವಾಸಿಗಳಾದ ಖೋಯ್ ಮತ್ತು ಸಾನ್ ಜನ ಅದರ ಗುಣ ಬಲ್ಲವರು. 1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವ್ಯಾಪಾರಿ ಅದನ್ನು ಮಾರುಕಟ್ಟೆಗೆ ತಂದರು. ಬೀಜ ಮೊಳೆಯಿಸಿ ಬೇಸಾಯಕ್ಕೆ ಒಗ್ಗಿಸಿದ್ದು ಕ್ಲಾನ್‌ವಿಲಿಯಂನ ವೈದ್ಯ ನಾರ್ಟಿಯರ್. ಆ ಮೂಲನಿವಾಸಿಗಳ ಅರಿವಿಗೆ ಉದ್ಯಮ ಪಾಲು ಕೊಡಬೇಕೆಂಬ ಒಪ್ಪಂದ ಆದದ್ದು 2019ರಲ್ಲಿ. ತಡವಾಯಿತು ಎಂಬ ಬೇಸರ ನನಗಿದೆ. 2021ರಲ್ಲಿ ಐರೋಪ್ಯ ಒಕ್ಕೂಟ ‘ರೋಯ್‌ಬೋಸ್’ ಎಂಬ ಹೆಸರನ್ನು ಆ ನೆಲಕ್ಕೇ ಮೀಸಲಿಟ್ಟಿತು.

ಕೆಂಪು ಬಣ್ಣ ಹಾಕಿದ್ದು ಎನ್ನುವವರಿದ್ದಾರೆ. ಕೊಯ್ದ ಟಿಸಿಲುಗಳು ಹಸಿರಾಗಿಯೇ ಇರುತ್ತವೆ. ಚಿಕ್ಕದಾಗಿ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ ರಾಶಿ ಹಾಕಿದರೆ ಗಾಳಿ ತಾಗಿ ಕೆಂಪಾಗುತ್ತವೆ, ಜೇನಿನ ಪರಿಮಳವೂ ಆಗಲೇ ಹುಟ್ಟುತ್ತದೆ. ಆಮೇಲೆ ಬಿಸಿಲಿಗೆ ಹರವುತ್ತಾರೆ. ಹಾಗೆ ಮಾಗಿಸದೆ ಒಣಗಿಸಿದ್ದೇ ಹಸಿರು ರೋಯ್‌ಬೋಸ್.

ಇನ್ನು ವೆನಿಲ್ಲಾ. ‘ನಿಜವಾದ ವೆನಿಲ್ಲಾ ಹಾಕಿರುತ್ತಾರೆ’ ಎಂದು ನಂಬುವವರೂ, ‘ಎಲ್ಲ ರಾಸಾಯನಿಕ’ ಎಂದು ಹೆದರುವವರೂ ಅರ್ಧ ಮಾತ್ರ ಸರಿ. ವೆನಿಲ್ಲಾ ಘಮದ ಮುಖ್ಯ ಅಂಶ ವೆನಿಲಿನ್. ಜಗತ್ತಿನ ವೆನಿಲಿನ್‌ನಲ್ಲಿ ಬಹುಪಾಲು ಕಾರ್ಖಾನೆಯದೇ, ಆದರೆ ಅದರ ಅಣು ವೆನಿಲ್ಲಾ ಕೋಡಿನಲ್ಲಿರುವ ಅಣುವೇ. ಕೋಡಿನಲ್ಲಿ ಅದರ ಜೊತೆಗೆ ನೂರಾರು ಬೇರೆ ಸುವಾಸನೆಗಳಿರುವುದರಿಂದ ಘಮ ಇನ್ನೂ ತುಂಬಿಕೊಂಡಿರುತ್ತದೆ. ಶಿರಸಿಯ ಕಡೆಯ ಅಡಿಕೆ ತೋಟದವರಿಗೆ ಇದನ್ನು ಹೇಳಬೇಕಾಗಿಲ್ಲ. 2003ರ ಸುಮಾರಿಗೆ ಬೆಲೆ ಮುಗಿಲಿಗೇರಿದಾಗ ಬಳ್ಳಿ ನೆಟ್ಟು, ಒಂದೊಂದು ಹೂವಿಗೂ ಕೈಯಾರೆ ಪರಾಗ ಮುಟ್ಟಿಸಿ, ಬೆಲೆ ಕುಸಿದಾಗ ಕಿತ್ತವರು ಅವರು. ಹಸಿ ಕೋಡಿಗೆ ವಾಸನೆಯೇ ಇರುವುದಿಲ್ಲ. ವಾರಗಟ್ಟಲೆ ಹದ ಮಾಡಿದ ಮೇಲೆಯೇ ಅದು ಘಮಘಮಿಸುವುದು.

ರೋಯ್‌ಬೋಸ್ ಕ್ಯಾನ್ಸರ್ ಓಡಿಸುತ್ತದೆ, ಸಕ್ಕರೆ ಇಳಿಸುತ್ತದೆ ಎಂಬ ಮಾತನ್ನು ಕೇಳಿ ಔಷಧಿ ಬಿಡಬೇಡಿ. ಅದರಲ್ಲಿರುವ ಆಸ್ಪಲಾಥಿನ್ ಎಂಬ ಅಂಶದ ಮೇಲೆ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆದಿರುವುದು ನಿಜ, ಆದರೆ ಕೆಂಪಾಗುವಾಗ ಅದರ ಬಹುಭಾಗ ಕಳೆದುಹೋಗುತ್ತದೆ.

ಬಿಸಿನೀರಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಹಿಯಾದೀತೆಂಬ ಭಯವೂ ಬೇಡ. ಒಗರು ತರುವ ಟ್ಯಾನಿನ್ ಕಡಿಮೆಯಾದ್ದರಿಂದ ಚಹಾದಂತೆ ಇದು ಮುನಿಸಿಕೊಳ್ಳುವುದಿಲ್ಲ. ಪದಾರ್ಥಗಳ ಪಟ್ಟಿ ಓದಿ ಹೇಳಿದ ಮೇಲೆ ಅತ್ತೆ ಮರುದಿನ ಅದನ್ನು ಕಷಾಯದಂತೆ ಹತ್ತು ನಿಮಿಷ ಕುದಿಸಿ, ಚೂರು ಹಾಲು ಬೆರೆಸಿ, ಸಕ್ಕರೆಯಿಲ್ಲದೆ ಕುಡಿದರು. ಅರ್ಧ ಲೋಟ ಮುಗಿದ ಮೇಲೆ ಮೂಗು ಹಿಡಿದು ಒಂದು ಗುಟುಕು ಕುಡಿದರು, ಬಿಟ್ಟು ಇನ್ನೊಂದು ಗುಟುಕು.