ಪ್ರಶ್ನೆಯ ಹಿಂದಿನ ಪ್ರಶ್ನೆ

ಗ್ರಂಥಾಲಯದ ಮೇಜಿನೆದುರು ನಿಂತ ಓದುಗನು ಮೊದಲು ಕೇಳುವ ಪ್ರಶ್ನೆಯೂ ಅವನ ಮನಸ್ಸಿನಲ್ಲಿರುವ ಪ್ರಶ್ನೆಯೂ ಬಹುಮಟ್ಟಿಗೆ ಬೇರೆ ಬೇರೆಯಾಗಿರುತ್ತವೆ. ಚೆನ್ನೈನ ದಕ್ಷಿಣದಂಚಿನಲ್ಲಿರುವ ಶೋಳಿಂಗನಲ್ಲೂರಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ದುಡಿಯುವ ಕನ್ನಡಿಗನೊಬ್ಬನು ಬಂದು, "ಸಾರ್, ಕನ್ನಡ ನಿಘಂಟು ಇದೆಯೇ?" ಎಂದು ಕೇಳಿದನೆಂದು ಭಾವಿಸೋಣ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನೂ ಅವನ ಮುಂದೆ ಪೇರಿಸುವುದು ಸುಲಭ. ಆದರೆ "ಯಾವ ಪದ ಬೇಕಾಗಿತ್ತು, ಎಲ್ಲಿ ಕಂಡಿರಿ?" ಎಂದು ಸಾವಧಾನದಿಂದ ವಿಚಾರಿಸಿದರೆ, ಅಜ್ಜನ ಕಾಲದ ಜಮೀನು ಪತ್ರದಲ್ಲಿನ 'ಉಂಬಳಿ' ಎಂಬ ಒಂದೇ ಮಾತು ಅವನನ್ನು ಕಾಡುತ್ತಿದೆಯೆಂದು ತಿಳಿದೀತು, 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿನ ಒಂದು ಪುಟವೇ ಅವನಿಗೆ ಸಾಕಾದೀತು.

ಇದೇ ಪರಾಮರ್ಶನ ಸೇವೆಯ ಮರ್ಮ. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಕಾಲವನ್ನು ಉಳಿಸಬೇಕೆಂದು ವಿಧಿಸುತ್ತದೆ. ಮುಂದೆ ಬೆಂಗಳೂರಿನಲ್ಲಿ ನೆಲಸಿ, 1962ರಲ್ಲಿ ಅಲ್ಲಿಯೇ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ ಆ ಮಹನೀಯರು ಕನ್ನಡ ನಾಡಿಗೂ ಗುರುಸ್ಥಾನೀಯರು.

ಆದಕಾರಣ ಗ್ರಂಥಪಾಲಕನು ಮೊದಲು ಪೂರ್ತಿಯಾಗಿ ಕೇಳಬೇಕು. ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳಿ, ಸರಿಯೇ ಎಂದು ಖಚಿತಪಡಿಸಿಕೊಳ್ಳಬೇಕು. ಉತ್ತರವನ್ನು ನೆನಪಿನಿಂದ ಹೇಳದೆ ಗ್ರಂಥದ ಹೆಸರು ಮತ್ತು ಪುಟಗಳ ಸಹಿತ ತೋರಿಸಬೇಕು. ವೈದ್ಯಕೀಯ, ಕಾನೂನುಗಳ ವಿಷಯದಲ್ಲಿ ಆಧಾರವನ್ನು ಒದಗಿಸಬೇಕಲ್ಲದೆ ಸಲಹೆ ನೀಡಲಾಗದು. ಓದುಗನು ಏನು ಕೇಳಿದನೆಂಬುದು ಮೂರನೆಯವರ ಕಿವಿಗೆ ಬೀಳಬಾರದು. ತನ್ನಲ್ಲಿ ಇಲ್ಲದಿದ್ದರೆ "ಇಲ್ಲ" ಎಂಬಲ್ಲಿಗೆ ಮಾತು ಮುಗಿಸದೆ, ಎಲ್ಲಿ ದೊರೆತೀತೆಂಬುದನ್ನೂ ತಿಳಿಸಬೇಕು. ಚೆನ್ನೈನ ಎಗ್ಮೋರಿನಲ್ಲಿರುವ ಕನ್ನೆಮರಾ ಗ್ರಂಥಾಲಯವು ದೇಶದಲ್ಲಿ ಅಚ್ಚಾಗುವ ಪುಸ್ತಕಗಳ ಪ್ರತಿಯನ್ನು 1954ರ ಕಾಯಿದೆಯಂತೆ ಪಡೆಯುವ ಸಂಸ್ಥೆಗಳಲ್ಲೊಂದಾದುದರಿಂದ, ಕನ್ನಡ ಪುಸ್ತಕವನ್ನರಸುವವನನ್ನು ಅತ್ತ ಕಳುಹಿಸಬಹುದು. ಹಳೆಯ ಓಲೆಗರಿಯನ್ನರಸುವವನಿಗೆ ನಗರದ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದ ದಾರಿ ತೋರಬಹುದು. ಪದೇ ಪದೇ ಬರುವ ಪ್ರಶ್ನೆಗಳನ್ನೂ ಉತ್ತರ ದೊರೆತ ಎಡೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ನಾಳೆ ಗ್ರಂಥಪಾಲಕನ ಸ್ಥಾನಕ್ಕೆ ಬರುವವರಿಗೆ ಅದೇ ಕೈದೀವಿಗೆ.

ಓದುಗರೂ ಸಂಕೋಚ ತೊರೆಯಬೇಕು. ಗ್ರಂಥಾಲಯಕ್ಕೆ ಹೋದಾಗ ಯಾವ ಪುಸ್ತಕ ಬೇಕೆಂಬುದನ್ನಷ್ಟೇ ಅಲ್ಲ, ಅದು ಏತಕ್ಕೆ ಬೇಕೆಂಬುದನ್ನೂ ಗ್ರಂಥಪಾಲಕರಿಗೆ ತಿಳಿಸಿರಿ.