ಸೋರಿಕೆ ಎಲ್ಲಿದೆ?

"ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಕೂಡುವ ಹನಿಯ ಕುರಿತು ಹಿರಿಯರು ಹೇಳಿದ ಈ ಮಾತು ಸೋರುವ ಹನಿಗೂ ಸಲ್ಲುತ್ತದೆ. ಅಡಿಕೆಮರದ ದಂಬೆಯಲ್ಲಿ ತೋಟಕ್ಕೆ ನೀರು ಹಾಯಿಸುತ್ತಿದ್ದ ಕಾಲವನ್ನು ಕಂಡವರಿಗೆ ಇದು ಗೊತ್ತು. ದಂಬೆಯ ಸಂದಿಯಲ್ಲಿ ಒಂದು ಎಳೆ ನೀರು ಸೋರಿದರೆ ಹತ್ತಿರದಲ್ಲಿ ನಿಂತವನಿಗೆ ಏನೂ ತಿಳಿಯುವುದಿಲ್ಲ. ತೋಟದ ಕೊನೆಯ ಸಾಲಿನ ಗಿಡ ಬಾಡಿದಾಗ ಮಾತ್ರ ತಿಳಿಯುತ್ತದೆ. ಕಂಪ್ಯೂಟರಿಗೂ ಇಂಥದೇ ಒಂದು ಕಾಯಿಲೆ ಉಂಟು. ಅದನ್ನು ನಾವು ಹೇಗೆ ಪತ್ತೆಹಚ್ಚಿದೆವು ಎಂಬುದನ್ನು ವಿದ್ಯಾರ್ಥಿಗಳಿಗೂ ಹೆತ್ತವರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಕಳೆದ ಮಳೆಗಾಲದಲ್ಲಿ ನಮ್ಮ ಕನ್ನಡ ಸಂಘದ ವಿದ್ಯಾರ್ಥಿಗಳು ಒಂದು ಒಳ್ಳೆಯ ಕೆಲಸವನ್ನು ಕೈಗೆತ್ತಿಕೊಂಡರು. ಮನೆಯ ಅಜ್ಜ ಅಜ್ಜಿಯರ ಬಾಯಲ್ಲಿ ಉಳಿದಿರುವ, ಪಠ್ಯಪುಸ್ತಕದಲ್ಲಿ ಕಾಣಸಿಗದ ನಮ್ಮ ಕಾಸರಗೋಡಿನ ಮಾತುಗಳನ್ನು ಕಂಪ್ಯೂಟರಿನಲ್ಲಿ ಸಂಗ್ರಹಿಸುವುದೇ ಆ ಕೆಲಸ. ತೋಟ, ಗದ್ದೆ, ಹಟ್ಟಿ, ಸುರಂಗ, ಅಡುಗೆಮನೆ ಹೀಗೆ ವಿಷಯಕ್ಕೊಂದು ಫೈಲು. ಎಂಟನೆಯ ತರಗತಿಯ ಒಬ್ಬ ಹುಡುಗಿ ತನ್ನ ಅಜ್ಜಿಯಿಂದ ತೋಟಕ್ಕೆ ನೀರು ಹಾಯಿಸುವ ಕೆಲಸದ 40 ಮಾತುಗಳನ್ನು ಕೇಳಿ ಚೀಟಿಯಲ್ಲಿ ಬರೆದು ತಂದಳು. ಚೀಟಿ ಮಳೆಗೆ ತೊಯ್ದಿತ್ತು. ಅಕ್ಷರ ಅಳಿಯುವ ಮೊದಲೇ ಮುಗಿಸಬೇಕೆಂದು ಗುರುವಾರ ಮಧ್ಯಾಹ್ನ ಊಟವನ್ನೂ ಬಿಟ್ಟು ಟೈಪು ಮಾಡಿದಳು. ಕೊನೆಗೆ ಉಳಿಸಲು ಹೋದಾಗ 'ತೆರೆದಿರುವ ಫೈಲುಗಳು ಮಿತಿ ಮೀರಿವೆ' ಎಂಬ ಅರ್ಥದ ಇಂಗ್ಲಿಷ್ ಸಂದೇಶವೊಂದು ಬಂತು. ಮಗು ಹೆದರಿ ಎಲ್ಲವನ್ನೂ ಮುಚ್ಚಿತು. 40 ಮಾತುಗಳೂ ಹೋದವು. ಮರುದಿನ ಅಜ್ಜಿಯ ಬಳಿ ಮತ್ತೆ ಕೇಳಿದಾಗ 31 ಮಾತುಗಳು ಮಾತ್ರ ದೊರೆತವು. "ನಿನ್ನೆ ಬಾಯಿಗೆ ಬಂದದ್ದು ಇವತ್ತು ಬರ್ಲಿಕ್ಕಿಲ್ಲ ಮಗಾ" ಎಂದರಂತೆ ಅಜ್ಜಿ.

ಕಂಪ್ಯೂಟರು ಹಾಳಾಗಿದೆ ಎಂದು ಕೆಲವರೂ, ಹುಡುಗಿ ಏನೋ ಒತ್ತಿದ್ದಾಳೆ ಎಂದು ಕೆಲವರೂ ಹೇಳಿದರು. ಎರಡೂ ನಿಜವಲ್ಲ.

ಆವೃತ್ತಿ ನಿಯಂತ್ರಣ ಎಂದರೇನು?

ಒಂದೇ ಬರಹವನ್ನು ಹಲವರು ತಿದ್ದುವಾಗ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಲೆಕ್ಕ ಬೇಕಾಗುತ್ತದೆ. ತಪ್ಪಾದರೆ ಹಿಂದಿನ ಪಾಠಕ್ಕೆ ಮರಳಲು ಸಾಧ್ಯವಾಗಬೇಕು. ಈ ಕೆಲಸ ಮಾಡುವ ಸಾಫ್ಟ್‌ವೇರಿಗೆ ಆವೃತ್ತಿ ನಿಯಂತ್ರಣ ಎಂದು ಹೆಸರು. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಎಸ್‌ಸಿಸಿಎಸ್ ಈ ಬಗೆಯ ಮೊದಲಿನವುಗಳಲ್ಲಿ ಒಂದು. ಇಂದು ಲೋಕಪ್ರಸಿದ್ಧವಾದ 'ಗಿಟ್' ಅನ್ನು 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ತಿರುಳಿನ ಕೆಲಸಕ್ಕಾಗಿ ರಚಿಸಿದರು. ಪದಸಂಗ್ರಹವನ್ನು ನಾವು ಗಿಟ್‌ನಲ್ಲಿಯೇ ಇಟ್ಟಿದ್ದೇವೆ.

ಗಿಟ್ ಅನ್ನು ಎರಡು ಬಗೆಯಲ್ಲಿ ಬಳಸಬಹುದು. ಆಜ್ಞೆಯನ್ನು ಟೈಪು ಮಾಡುವುದು ಒಂದು ಬಗೆ. ಆಗ ಗಿಟ್ ಎದ್ದು ಬಂದು, ಹೇಳಿದ ಕೆಲಸ ಮಾಡಿ, ಕ್ಷಣದಲ್ಲಿ ಹೊರಟುಹೋಗುತ್ತದೆ. ಇನ್ನೊಂದು, ಕಿಟಕಿ, ಗುಂಡಿಗಳುಳ್ಳ ಡೆಸ್ಕ್‌ಟಾಪ್ ಪ್ರೋಗ್ರಾಮಿನ ಮೂಲಕ ಬಳಸುವುದು. ಇದು ಹೊರಟುಹೋಗುವುದಿಲ್ಲ, ತೆರೆದೇ ಇದ್ದು ಫೋಲ್ಡರನ್ನು ಕಾಯುತ್ತಿರುತ್ತದೆ. ವಿದ್ಯಾರ್ಥಿಗಳು ಬಿಡುವಾದಾಗಲೆಲ್ಲ ಬಂದು ಬರೆಯಲಿ ಎಂದು ಪ್ರಯೋಗಾಲಯದ ಒಂದು ಕಂಪ್ಯೂಟರಿನಲ್ಲಿ ಇಂಥದೊಂದು ಪ್ರೋಗ್ರಾಮನ್ನು ಸೋಮವಾರದಿಂದ ಶನಿವಾರದವರೆಗೆ ಮುಚ್ಚದೆ ಇಡುತ್ತಿದ್ದೆವು. ಕಾಯಿಲೆಯ ಬೇರು ಇಲ್ಲಿತ್ತು.

ಸೋರಿಕೆ ಎಂದರೇನು?

ಯಾವ ಪ್ರೋಗ್ರಾಮೂ ತನ್ನದೇ ಆಸ್ತಿಯಿಂದ ಬದುಕುವುದಿಲ್ಲ. ನೆನಪಿನ ಜಾಗ, ಫೈಲು ತೆರೆಯುವ ಅವಕಾಶ, ತೆರೆಯ ಮೇಲೆ ಚಿತ್ರ ಬಿಡಿಸುವ ಸಾಮಗ್ರಿ ಎಲ್ಲವನ್ನೂ ಕಾರ್ಯನಿರ್ವಹಣಾ ವ್ಯವಸ್ಥೆಯಿಂದ ಎರವಲು ಪಡೆಯುತ್ತದೆ. ಕೆಲಸವಾದ ಮೇಲೆ ಹಿಂದಿರುಗಿಸಬೇಕು. ನಮ್ಮ ಶಾಲೆಯ ಗ್ರಂಥಾಲಯದ ಹಾಗೆಯೇ ಇದು. ಓದಿ ಮುಗಿಸಿದ ಪುಸ್ತಕವನ್ನು ಮರಳಿಸದೆ ಮತ್ತೊಂದನ್ನು ಕೇಳುತ್ತಾ ಹೋದರೆ ಒಂದು ದಿನ ಕಪಾಟು ಬರಿದಾಗುತ್ತದೆ. ಪುಸ್ತಕಗಳು ನಾಶವಾಗಿಲ್ಲ, ಆದರೆ ಯಾರ ಉಪಯೋಗಕ್ಕೂ ಇಲ್ಲ. ಇದಕ್ಕೇ ಸಂಪನ್ಮೂಲ ಸೋರಿಕೆ ಎನ್ನುತ್ತಾರೆ.

ಪ್ರೋಗ್ರಾಮು ಮುಗಿದೊಡನೆ ಅದು ಪಡೆದ ಎರವಲನ್ನೆಲ್ಲ ಕಾರ್ಯನಿರ್ವಹಣಾ ವ್ಯವಸ್ಥೆ ತಾನೇ ಮರಳಿ ಪಡೆಯುತ್ತದೆ. ಆದುದರಿಂದ ಕ್ಷಣಕಾಲ ಬದುಕುವ ಪ್ರೋಗ್ರಾಮು ಸ್ವಲ್ಪ ಸೋರಿದರೂ ಯಾರಿಗೂ ತೊಂದರೆಯಿಲ್ಲ. ದಿನಗಟ್ಟಲೆ ತೆರೆದಿರುವ ಪ್ರೋಗ್ರಾಮಿನಲ್ಲಿ ಅದೇ ಅಲ್ಪ ಸೋರಿಕೆ ಗುಡ್ಡೆಯಾಗಿ ಬೆಳೆಯುತ್ತದೆ.

ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ಎರವಲಿಗೆ ಮಿತಿಯುಂಟು. ಲಿನಕ್ಸಿನಲ್ಲಿ ಒಂದು ಪ್ರೋಗ್ರಾಮು ಏಕಕಾಲದಲ್ಲಿ ತೆರೆದಿಡಬಹುದಾದ ಫೈಲುಗಳ ಸಂಖ್ಯೆ ಸಾಮಾನ್ಯವಾಗಿ 1024. ವಿಂಡೋಸಿನಲ್ಲಿ ಚಿತ್ರ ಬಿಡಿಸುವ ಸಾಮಗ್ರಿಗಳ ಮಿತಿ ಪ್ರೋಗ್ರಾಮೊಂದಕ್ಕೆ ಸಾಮಾನ್ಯವಾಗಿ 10,000. ಈ ಮಿತಿ ಮುಟ್ಟಿದರೆ ಕಂಪ್ಯೂಟರಿನಲ್ಲಿ ಧಾರಾಳ ನೆನಪು ಖಾಲಿ ಇದ್ದರೂ ಕೆಲಸ ನಿಲ್ಲುತ್ತದೆ. ನಮ್ಮಲ್ಲಿ ನಡೆದದ್ದೂ ಇದೇ.

ಬೇಡವಾದ ನೆನಪನ್ನು ತಾನಾಗಿಯೇ ಗುಡಿಸುವ ಏರ್ಪಾಡು ಜಾವಾ ಮುಂತಾದ ಭಾಷೆಗಳಲ್ಲಿ ಇದೆಯಲ್ಲ, ಅಲ್ಲೂ ಸೋರಿಕೆ ಹೇಗೆ ಎಂದು ಹಿರಿಯ ತರಗತಿಯವರು ಕೇಳಬಹುದು. ಟಿ.ಸಿ. ಪಡೆದು ಹೋದ ಹುಡುಗನ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆಯಲು ಮರೆತರೆ ಏನಾಗುತ್ತದೆ? ಮಧ್ಯಾಹ್ನದ ಊಟಕ್ಕೆ ಅವನ ಪಾಲಿನ ಅಕ್ಕಿಯೂ ಬೇಯುತ್ತದೆ. ಗುಡಿಸುವವನು ಹಾಜರಿ ಪುಸ್ತಕವನ್ನು ನೋಡಿಯೇ ಗುಡಿಸುತ್ತಾನೆ. ಮುಚ್ಚಿದ ಕಿಟಕಿಯ ಹೆಸರು ಎಲ್ಲೋ ಒಂದು ಪಟ್ಟಿಯಲ್ಲಿ ಉಳಿದರೆ ಅದು ಕಸವೆಂದು ಅವನಿಗೆ ತಿಳಿಯುವುದೇ ಇಲ್ಲ.

ಪತ್ತೆಯ ಕ್ರಮ

ಮೊದಲು ನಾವು ಒಂದು ನೋಟುಪುಸ್ತಕ ಇಟ್ಟೆವು. ಸಮಯ, ಮಾಡಿದ ಕೆಲಸ, ತೆರೆದಿರುವ ಫೈಲುಗಳ ಸಂಖ್ಯೆ, ಬಳಸಿದ ನೆನಪು ಎಂದು ನಾಲ್ಕು ಕಾಲಂಗಳು. ಕಾಯಿಲೆಯವನಿಗೆ ಗಂಟೆಗೊಮ್ಮೆ ಜ್ವರ ನೋಡಿ ಬರೆದಂತೆ. ಕೇರಳದ ಶಾಲಾ ಕಂಪ್ಯೂಟರುಗಳಲ್ಲಿ ಗ್ನು/ಲಿನಕ್ಸ್ ಬಳಕೆಯಲ್ಲಿರುವುದು ನಿಮಗೆ ತಿಳಿದದ್ದೇ. ಅದರಲ್ಲಿ ಓಡುತ್ತಿರುವ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ಸಂಖ್ಯೆಯಿದೆ. 'ಪ್ರೋಕ್' ಎಂಬ ವಿಶೇಷ ಫೋಲ್ಡರಿನೊಳಗೆ ಆ ಸಂಖ್ಯೆಯ ಹೆಸರಿನ ಫೋಲ್ಡರು, ಅದರೊಳಗೆ 'ಎಫ್‌ಡಿ' ಎಂಬ ಇನ್ನೊಂದು. ಅಲ್ಲಿ ಎಷ್ಟು ಸಾಲುಗಳಿವೆಯೋ ಅಷ್ಟು ಫೈಲುಗಳು ತೆರೆದಿವೆ ಎಂದು ಲೆಕ್ಕ. ವಿಂಡೋಸಿನವರು ಟಾಸ್ಕ್ ಮ್ಯಾನೇಜರಿನಲ್ಲಿ ಇಂಥ ಲೆಕ್ಕವನ್ನು ನೋಡಬಹುದು.

ಪ್ರೋಗ್ರಾಮನ್ನು ಹೊಸದಾಗಿ ತೆರೆದಾಗ ಸಂಖ್ಯೆ 140. ಏನೂ ಮಾಡದೆ ಒಂದು ಗಂಟೆ ಬಿಟ್ಟೆವು, ಆಗಲೂ 140. ಸುಮ್ಮನಿದ್ದಾಗ ಸೋರುವುದಿಲ್ಲ, ಯಾವುದೋ ಒಂದು ಕೆಲಸ ಮಾಡಿದಾಗ ಸೋರುತ್ತದೆ ಎಂದಾಯಿತು.

ಇನ್ನು ಕೆಲಸಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಬೇಕು. ಎರಡನ್ನು ಒಟ್ಟಿಗೆ ಮಾಡಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಮೊದಲು ಹಿಂದಿನ ಆವೃತ್ತಿಗಳ ಪಟ್ಟಿಯನ್ನು 20 ಸಲ ತೆರೆದು ಮುಚ್ಚಿದೆವು. ಸಂಖ್ಯೆ 146 ಆಯಿತು. ಸಿಕ್ಕಿತು ಎಂದು ಮಕ್ಕಳು ಕುಣಿದರು. ಮತ್ತೆ 20 ಸಲ ಮಾಡಿದಾಗ 146ರಲ್ಲೇ ನಿಂತಿತು. ಇದು ಸೋರಿಕೆಯಲ್ಲ. ಪದೇ ಪದೇ ಬೇಕಾಗುವುದನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು ಪ್ರೋಗ್ರಾಮುಗಳ ಪದ್ಧತಿ. ಅಮ್ಮ ಸಾಸಿವೆ ಡಬ್ಬಿಯನ್ನು ಒಲೆಯ ಬಳಿ ಇಡುವುದಿಲ್ಲವೇ? ಏರಿ ನಿಲ್ಲುವುದು ಸಂಗ್ರಹ, ನಿಲ್ಲದೆ ಏರುವುದು ಸೋರಿಕೆ. ಈ ವ್ಯತ್ಯಾಸವನ್ನು ನೆನಪಿಡಿರಿ.

ಆಮೇಲೆ ಪ್ರೋಗ್ರಾಮನ್ನು ಮುಚ್ಚಿ ತೆರೆದು, ಎರಡು ಆವೃತ್ತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಕಿಟಕಿಯನ್ನು ಪರೀಕ್ಷಿಸಿದೆವು. 20 ಸಲ ಹೋಲಿಸಿದಾಗ 140 ಇದ್ದದ್ದು 180 ಆಯಿತು. ಇನ್ನೂ 20 ಸಲಕ್ಕೆ 220. ಒಂದು ಹೋಲಿಕೆಗೆ ಸರಿಯಾಗಿ ಎರಡು ಫೈಲು! ತೆರೆದ ಫೈಲುಗಳ ಪಟ್ಟಿ ಕೊಡುವ 'ಎಲ್‌ಎಸ್‌ಓಎಫ್' ಎಂಬ ಆಜ್ಞೆಯಿಂದ ನೋಡಿದಾಗ ವಿಷಯ ಸ್ಪಷ್ಟವಾಯಿತು. ಹೋಲಿಸುವುದಕ್ಕಾಗಿ ಪ್ರೋಗ್ರಾಮು ಎರಡು ತಾತ್ಕಾಲಿಕ ಪ್ರತಿಗಳನ್ನು ಮಾಡುತ್ತದೆ. ಕಿಟಕಿ ಮುಚ್ಚಿದಾಗ ಅವುಗಳ ಹೆಸರನ್ನು ಅಳಿಸುತ್ತದೆ, ಆದರೆ ಹಿಡಿದ ಕೈಯನ್ನು ಬಿಡುವುದಿಲ್ಲ. ಲಿನಕ್ಸಿನಲ್ಲಿ ಹೆಸರು ಅಳಿದರೂ ಯಾರಾದರೂ ಹಿಡಿದುಕೊಂಡಿರುವವರೆಗೆ ಫೈಲು ಸಾಯುವುದಿಲ್ಲ. ಡಿಸ್ಕಿನ ಜಾಗವೂ ಬಿಡುಗಡೆಯಾಗುವುದಿಲ್ಲ. ಫೋಲ್ಡರಿನಲ್ಲಿ ಹುಡುಕಿದರೆ ಏನೂ ಕಾಣದು, ಆದರೆ ಜಾಗ ಮಾತ್ರ ತುಂಬಿರುತ್ತದೆ.

ಗಣಿತ ಇಷ್ಟಪಡುವವರು ಲೆಕ್ಕ ಹಾಕಿ ನೋಡಿರಿ. 1024ರಿಂದ 140 ಕಳೆದರೆ 884. ಎರಡರಿಂದ ಭಾಗಿಸಿದರೆ 442. ಅಂದರೆ 442 ಹೋಲಿಕೆಗಳ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಸಂಘದ ಮೂವತ್ತಕ್ಕೂ ಹೆಚ್ಚು ಮಕ್ಕಳು ದಿನಕ್ಕೆ ಮೂರು ನಾಲ್ಕು ಸಲ ಹೋಲಿಸಿದರೆ ಸೋಮವಾರ ಆರಂಭವಾದದ್ದು ಗುರುವಾರಕ್ಕೆ ಮುಗಿಯುತ್ತದೆ. ಆ ಹುಡುಗಿ ಕುಳಿತದ್ದು ಗುರುವಾರ. ಅವಳ ತಪ್ಪೇನೂ ಇರಲಿಲ್ಲ. ಬುಟ್ಟಿ ಅದಾಗಲೇ ತುಂಬಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ನಾವೇ ಒಮ್ಮೆ 20 ಹೋಲಿಕೆ ಮಾಡಿದಾಗ ಸಂಖ್ಯೆ ಏರಲೇ ಇಲ್ಲ! ನಮಗೆ ಆಶ್ಚರ್ಯವಾಯಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ, "ಸರ್, ನೀವು ಮೌಸಿನಲ್ಲಿ ಮುಚ್ಚುತ್ತೀರಿ, ನಾವು ಎಸ್ಕೇಪ್ ಒತ್ತುತ್ತೇವೆ" ಎಂದ. ಆ ಮೇಜಿನ ಮೌಸು ಸವೆದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಮಕ್ಕಳೆಲ್ಲ ಕೀಲಿಯನ್ನೇ ಬಳಸುತ್ತಿದ್ದರು. ಪರೀಕ್ಷಿಸಿದಾಗ ಹುಡುಗನ ಮಾತು ನಿಜವಾಯಿತು. ಗುಂಡಿಯಿಂದ ಮುಚ್ಚಿದರೆ ಫೈಲುಗಳು ಬಿಡುಗಡೆಯಾಗುತ್ತವೆ, ಎಸ್ಕೇಪ್ ಕೀಲಿಯಿಂದ ಮುಚ್ಚಿದರೆ ಇಲ್ಲ. ಮನೆಗೆ ಎರಡು ಬಾಗಿಲು, ದೀಪ ಆರಿಸುವ ಸ್ವಿಚ್ಚು ಮುಂಬಾಗಿಲಲ್ಲಿ ಮಾತ್ರ. ಹಿತ್ತಿಲ ಬಾಗಿಲಿನಿಂದ ಹೋದವರು ದೀಪ ಆರಿಸದೆಯೇ ಹೋಗುತ್ತಿದ್ದರು. ಅನೇಕ ಸೋರಿಕೆಗಳ ಗುಟ್ಟು ಇದುವೇ. ರಾಜಮಾರ್ಗದಲ್ಲಿ ಎಲ್ಲವೂ ಸರಿಯಿರುತ್ತದೆ, ತಪ್ಪು ಅಡ್ಡದಾರಿಯಲ್ಲಿರುತ್ತದೆ.

ಪರಿಹಾರ

ತಕ್ಷಣದ ಉಪಾಯವೆಂದರೆ ಬರೆದುದನ್ನು ಉಳಿಸಿ, ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆಯುವುದು. ಇಡೀ ಕಂಪ್ಯೂಟರನ್ನು ಆರಿಸಬೇಕಾಗಿಲ್ಲ. ಉಳಿಸಲಾಗದ ಸಂದೇಶ ಬಂದರೆ ಗಾಬರಿಯಿಂದ ಮುಚ್ಚದೆ, ಬರೆದುದನ್ನೆಲ್ಲ ನಕಲು ಮಾಡಿ ಬೇರೊಂದು ಪ್ರೋಗ್ರಾಮಿನಲ್ಲಿ ಅಂಟಿಸಿ ಉಳಿಸಬೇಕು. ಮಿತಿ ಆ ಒಂದು ಪ್ರೋಗ್ರಾಮಿಗೆ ಮಾತ್ರ, ಪಕ್ಕದವನಿಗಲ್ಲ. ಇದನ್ನು ಮೊದಲೇ ಹೇಳಿಕೊಡದಿದ್ದುದು ನಮ್ಮ ತಪ್ಪೆಂದು ಒಪ್ಪಿಕೊಳ್ಳುತ್ತೇವೆ.

ಮಿತಿಯನ್ನು 1024ರಿಂದ 4096ಕ್ಕೆ ಏರಿಸಬಹುದೆಂದು ಕೆಲವರು ಸಲಹೆಯಿತ್ತರು. ಸಾಧ್ಯವೇನೋ ಹೌದು. ಆದರೆ ಮಾಡು ಸೋರುವಾಗ ಚೆಂಬಿನ ಬದಲು ಹಂಡೆ ಇಟ್ಟಂತೆ. ತುಂಬುವ ದಿನ ಮುಂದೆ ಹೋಗುತ್ತದೆ, ಸೋರುವುದು ನಿಲ್ಲದು. ನಿಜವಾದ ಪರಿಹಾರ ಪ್ರೋಗ್ರಾಮು ಬರೆದವರ ಕೈಯಲ್ಲಿದೆ. ಪ್ರೋಗ್ರಾಮಿನ ಆವೃತ್ತಿ ಯಾವುದು, ಏನು ಮಾಡಿದರೆ ಎಷ್ಟು ಏರುತ್ತದೆ, ಯಾವುದನ್ನು ಮಾಡಿದರೆ ಏರುವುದಿಲ್ಲ ಎಂಬುದನ್ನು ನೋಟುಪುಸ್ತಕದ ಅಂಕಿಗಳೊಂದಿಗೆ ಅವರಿಗೆ ಬರೆದೆವು. 'ನಿಮ್ಮ ಪ್ರೋಗ್ರಾಮು ನಿಧಾನ' ಎಂದು ದೂರಿದ್ದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ತಪ್ಪು ಸರಿಯಾಗಿ ಬಂತು. ಅದೇ ಪರೀಕ್ಷೆಯನ್ನು ಪುನಃ ಮಾಡಿ, 140 ಎಂಬುದು 140ರಲ್ಲೇ ನಿಂತುದನ್ನು ಕಂಡ ಮೇಲೆಯೇ ನಾವು ನೋಟುಪುಸ್ತಕವನ್ನು ಮುಚ್ಚಿದೆವು.

ದೂರದ ಎರಡು ನಿದರ್ಶನಗಳು

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಶ್ರಮವೇ ಎನ್ನಬೇಡಿರಿ. 1992ರ ಅಕ್ಟೋಬರದಲ್ಲಿ ಲಂಡನ್ ನಗರದ ಆಂಬ್ಯುಲೆನ್ಸ್ ಸೇವೆ ವಾಹನಗಳನ್ನು ಕಳುಹಿಸುವ ಕೆಲಸಕ್ಕೆ ಹೊಸ ಕಂಪ್ಯೂಟರ್ ವ್ಯವಸ್ಥೆಯನ್ನು ನೆಚ್ಚಿತು. ಒಂದೊಂದು ವಾಹನ ಕಳುಹಿಸುವಾಗಲೂ ಸ್ವಲ್ಪ ನೆನಪನ್ನು ಪಡೆದು ಹಿಂದಿರುಗಿಸದಿರುವ ಒಂದು ತುಣುಕು ಅದರೊಳಗೆ ಉಳಿದುಹೋಗಿತ್ತು. ಸುಮಾರು ಮೂರು ವಾರಗಳಲ್ಲಿ ನೆನಪೆಲ್ಲ ತೀರಿ ನವೆಂಬರ್ 4ರ ಬೆಳಗಿನ ಜಾವ ವ್ಯವಸ್ಥೆ ಸ್ತಬ್ಧವಾಯಿತು. ಸಿಬ್ಬಂದಿ ಕಾಗದ ಪೆನ್ನಿಗೆ ಮರಳಬೇಕಾಯಿತು.

2004ರ ಜನವರಿಯಲ್ಲಿ ಮಂಗಳ ಗ್ರಹಕ್ಕಿಳಿದ 'ಸ್ಪಿರಿಟ್' ಎಂಬ ಬಂಡಿಯಲ್ಲಿ ಹಳೆಯ ಫೈಲುಗಳು ಕೂಡುತ್ತಾ ಹೋಗಿ, ಅವುಗಳ ಪಟ್ಟಿಯನ್ನು ಹಿಡಿಯಲು ನೆನಪು ಸಾಲದೆ ಬಂಡಿ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳತೊಡಗಿತು. ಪ್ರತಿ ಸಲ ಎದ್ದಾಗಲೂ ಅದೇ ಪಟ್ಟಿಯನ್ನು ಓದುತ್ತಿದ್ದುದರಿಂದ ಮರುಚಾಲನೆ ಅಲ್ಲಿ ಮದ್ದಾಗಲಿಲ್ಲ. ವಿಜ್ಞಾನಿಗಳು ಭೂಮಿಯಿಂದಲೇ ಕಾರಣ ಕಂಡುಹಿಡಿದು ಫೈಲುಗಳನ್ನು ಅಳಿಸಿದ ಮೇಲೆ ಬಂಡಿ ಚೇತರಿಸಿಕೊಂಡಿತು. 2010ರವರೆಗೂ ಭೂಮಿಯೊಡನೆ ಮಾತಾಡಿತು.

ವಿದ್ಯಾರ್ಥಿಗಳೇ, ಪಡೆದುದನ್ನು ಹಿಂದಿರುಗಿಸುವುದು ಪ್ರೋಗ್ರಾಮಿಗೂ ಒಳ್ಳೆಯ ಗುಣ, ನಮಗೂ ಒಳ್ಳೆಯ ಗುಣ. ಯಂತ್ರ ತಪ್ಪಿದಾಗ ಊಹೆಗಿಂತ ಅಳತೆಯನ್ನು ನಂಬಿರಿ. ಹೆತ್ತವರಲ್ಲಿಯೂ ಒಂದು ಮಾತು: ಕಂಪ್ಯೂಟರು ನಿಂತಾಗ ಎದುರಿಗೆ ಕುಳಿತ ಮಗುವನ್ನು ಗದರಬೇಡಿ. ಕೊನೆಯ ಹನಿ ಬಿದ್ದಾಗ ಅಲ್ಲಿದ್ದದ್ದು ಮಾತ್ರ ಆ ಮಗುವಿನ ಪಾಲು.

ಕಳೆದುಹೋದ ಒಂಬತ್ತು ಮಾತುಗಳಲ್ಲಿ ಎರಡನ್ನು ನೆರೆಮನೆಯ ಅಜ್ಜನೊಬ್ಬರು ನೆನಪಿಸಿಕೊಟ್ಟರು. ಏಳು ಇನ್ನೂ ಸಿಕ್ಕಿಲ್ಲ. ಏತ, ದಂಬೆ, ಸುರಂಗಗಳ ಕೆಲಸ ಮಾಡಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಬಳಿ ಒಂದು ಸಂಜೆ ಕುಳಿತು ಕೇಳಿ ಬರೆದು ಕಳುಹಿಸಿರಿ. ಈ ಬಾರಿ ಅದನ್ನು ಕಾಗದದಲ್ಲಿಯೂ ಉಳಿಸುತ್ತೇವೆ.