ಗುಮ್ಮಟದೊಳಗಿನ ಆಕಾಶ

ತುರ್ಕಿ ದೇಶದ ಕೊನ್ಯಾ ನಗರದಲ್ಲಿ, ಅಲಾವುದ್ದೀನ್ ದಿಬ್ಬದ ಬಳಿ, ಹೊರನೋಟಕ್ಕೆ ಅಷ್ಟೇನೂ ಎತ್ತರವಲ್ಲದ ಕಲ್ಲಿನ ಕಟ್ಟಡವೊಂದಿದೆ. ಎರಡು ಬಣ್ಣದ ಅಮೃತಶಿಲೆಗಳು ಜಡೆಯಂತೆ ಹೆಣೆದುಕೊಂಡಿರುವ ಅದರ ದ್ವಾರವನ್ನು ದಾಟಿ ಒಳಹೊಕ್ಕು ತಲೆಯೆತ್ತಿದವರು ಬೆರಗಾಗದೆ ಇರಲಾರರು. ನೀಲಿ, ಹಸಿರುನೀಲಿ, ಬಿಳಿ ಬಣ್ಣದ ಚೂರುಗಳಿಂದ ರಚಿತವಾದ ನಕ್ಷತ್ರಗಳು ಗುಮ್ಮಟವನ್ನೆಲ್ಲ ತುಂಬಿವೆ. ನೆತ್ತಿಯ ಕಿಂಡಿಯಿಂದ ಇಳಿಯುವ ಬೆಳಕು ನೆಲದ ನಡುವಿನ ಕೊಳದ ಮೇಲೆ ಬೀಳುತ್ತದೆ. ಇದೇ 1251ರ ಕರತಾಯ್ ಮದರಸಾ.

ಇದನ್ನು ಕಟ್ಟಿಸಿದ ಜಲಾಲುದ್ದೀನ್ ಕರತಾಯ್ ಗ್ರೀಕ್ ಮೂಲದವನು. ಗುಲಾಮನಾಗಿ ಸೆಲ್ಜುಕ್ ಅರಮನೆಯನ್ನು ಸೇರಿ, ಬಿಡುಗಡೆ ಹೊಂದಿ, ರಾಜ್ಯದ ಸೂತ್ರವನ್ನೇ ಹಿಡಿದವನು. ಕಾಲವೋ ಕಠಿಣವಾದುದು. 1243ರಲ್ಲಿ ಕೋಸೆದಾಗ್ ಕದನದಲ್ಲಿ ಮಂಗೋಲರು ಸೆಲ್ಜುಕರನ್ನು ಸೋಲಿಸಿ ಕಪ್ಪಕಾಣಿಕೆ ಹೇರಿದ್ದರು. ಸಿಂಹಾಸನಕ್ಕೆ ಮೂವರು ಎಳೆಯ ಸಹೋದರರು ಹಕ್ಕುದಾರರು. ಮೂವರನ್ನೂ ಜೊತೆಯಲ್ಲಿ ಕೂರಿಸಿ ರಾಜ್ಯ ಒಡೆಯದಂತೆ ಕಾದವನು ಕರತಾಯ್. ಅಂತಹ ದಿನಗಳಲ್ಲಿ ಅವನು ಕಟ್ಟಿಸಿದ್ದು ಕೋಟೆಯನ್ನಲ್ಲ, ಪಾಠಶಾಲೆಯನ್ನು. 1254ರಲ್ಲಿ ಅವನು ತೀರಿಕೊಂಡೊಡನೆ ಸಹೋದರರ ಒಗ್ಗಟ್ಟು ಮುರಿಯಿತು. ಅವನ ಸಮಾಧಿ ಮದರಸಾದ ಒಂದು ಕೋಣೆಯಲ್ಲಿಯೇ ಇದೆ.

ಗೋಡೆಗಳ ಚೌಕವನ್ನು ಗುಮ್ಮಟದ ವೃತ್ತಕ್ಕೆ ಜೋಡಿಸಲು ಶಿಲ್ಪಿಗಳು ನಾಲ್ಕು ಮೂಲೆಗಳಲ್ಲಿಯೂ ಬೀಸಣಿಗೆಯಂತೆ ಐದೈದು ತ್ರಿಕೋನಗಳನ್ನು ಹರಡಿದರು. ಅವುಗಳಲ್ಲಿ ಮಹಮ್ಮದ್, ಯೇಸು, ಮೋಶೆ, ದಾವೀದರ ಹಾಗೂ ಮೊದಲ ನಾಲ್ವರು ಖಲೀಫರ ಹೆಸರುಗಳಿವೆ. ಈ ಅಲಂಕಾರವು ಕುಂಚದ ಕೆಲಸವಲ್ಲ. ಗಾಜಿನ ಮೆರುಗು ಕೊಟ್ಟು ಸುಟ್ಟ ಬಿಲ್ಲೆಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಚೂರುಚೂರಾಗಿ ಹೊಂದಿಸಿ, ಗಾರೆಯಲ್ಲಿ ಬಿಗಿದುದು. ಹಸಿರುನೀಲಿ ತಾಮ್ರದಿಂದ, ಕಡುನೀಲಿ ಕೋಬಾಲ್ಟಿನಿಂದ ಬಂದಿತು.

ಶತಮಾನಗಳು ಕಳೆದಂತೆ ವಿದ್ಯಾರ್ಥಿಗಳ ಕೋಣೆಗಳು ಬಿದ್ದುಹೋದವು. ಗೋಡೆಯ ಬಿಲ್ಲೆಗಳೂ ಬಹಳಷ್ಟು ಉದುರಿದವು. 1924ರಲ್ಲಿ ತುರ್ಕಿ ಗಣರಾಜ್ಯವು ದೇಶದ ಮದರಸಾಗಳನ್ನೆಲ್ಲ ಮುಚ್ಚಿತು. 1955ರಲ್ಲಿ ಈ ಕಟ್ಟಡದ ಬಾಗಿಲು ಮತ್ತೆ ತೆರೆಯಿತು. ಈ ಬಾರಿ ಮೆರುಗುಬಿಲ್ಲೆಗಳ ವಸ್ತುಸಂಗ್ರಹಾಲಯವಾಗಿ.

ಇಲ್ಲಿನ ಮುಖ್ಯ ಸಂಪತ್ತು ಬಂದದ್ದು ಬೇಷೆಹಿರ್ ಸರೋವರದ ದಡದಲ್ಲಿ ಹಾಳುಬಿದ್ದಿದ್ದ ಕುಬಾದಾಬಾದ್ ಅರಮನೆಯಿಂದ. ಸುಲ್ತಾನ್ ಮೊದಲನೆಯ ಕೈಕುಬಾದನು ಕಟ್ಟಿಸಿದ ಆ ವಿಲಾಸಗೃಹದ ನಕ್ಷತ್ರಾಕಾರದ ಬಿಲ್ಲೆಗಳಲ್ಲಿ ಪದ್ಮಾಸನದಂತೆ ಕಾಲು ಮಡಿಸಿ ಕುಳಿತ ಮಾನವರು, ಮೀನುಗಳು, ಹೆಣ್ಣುಮೊಗದ ಹಕ್ಕಿಗಳು ಕಾಣುತ್ತವೆ. ಎರಡು ತಲೆಯ ಹದ್ದನ್ನು ಕಂಡ ಕನ್ನಡಿಗರಿಗೆ ಗಂಡಭೇರುಂಡ ನೆನಪಾಗದಿರದು.

ಅರಸನ ಕಣ್ಣು ತಣಿಸಲೆಂದು ಮಾಡಿದ ಈ ಚಿತ್ರಗಳಿಗೆ ಅರಮನೆಯಲ್ಲಿ ನೆಲೆ ಉಳಿಯಲಿಲ್ಲ. ಒಬ್ಬ ಮಾಜಿ ಗುಲಾಮನು ವಿದ್ಯಾರ್ಥಿಗಳಿಗಾಗಿ ಕಟ್ಟಿಸಿದ ಸೂರು ಇಂದು ಅವಕ್ಕೆ ಆಸರೆಯಾಗಿದೆ.